ಮಾರ್ಕೆಟ್ ಕಟ್ಟೆಯ ಮೇಲೆ ಮಲಗುವವರ ಫೋಟೊ ತೆಗೆಯುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ, ಮುಚ್ಚಿದ ಅಂಗಡಿಯ ಕಟ್ಟೆ ಮೇಲೆ ಮಲಗಿದ್ದ ಒಬ್ಬ ಅಜ್ಜನ ಫೋಟೊ ತೆಗೆದೆ. ತಲೆ ಕೆಳಗೆ ಚಪ್ಪಲಿ. ಪಕ್ಕದಲ್ಲಿ ಒಂದು ಚೀಲ. ಆ ಚೀಲದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದರು, ಯಾರಾದರೂ ಎಳೆದರೆ ಎಚ್ಚರ ಆಗಲಿ ಅಂತ. ಫೋಟೊ ಚೆನ್ನಾಗಿ ಬಂದಿತ್ತು. ಫೇಸ್‌ಬುಕ್ಕಿಗೆ ಹಾಕಿದೆ, ಲೈಕುಗಳೂ ಬಂದವು. ವಾರ ಬಿಟ್ಟು ಪ್ರಿಂಟ್ ಹಾಕಿಸಿ, ದೊಡ್ಡ ಉಪಕಾರ ಮಾಡುವವನ ಥರ ಅವರ ಕೈಗಿಟ್ಟೆ. ಅಜ್ಜ ಅದನ್ನು ಬೀದಿದೀಪದ ಕಡೆ ಹಿಡಿದು ತುಂಬಾ ಹೊತ್ತು ನೋಡಿದರು.

"ಬಾಯಿ ತೆಕ್ಕೊಂಡಿದೀನಲ್ಲಪ್ಪ" ಅಂದರು. ಆಮೇಲೆ, "ನನ್ ಹತ್ರ ಒಳ್ಳೇ ಶರ್ಟ್ ಇದೆ. ಕೇಳಿದ್ರೆ ಹಾಕ್ಕೊಂಡು ಕೂರ್ತಿದ್ದೆ."

ಪ್ರಿಂಟ್ ವಾಪಸ್ ಕೊಟ್ಟುಬಿಟ್ಟರು.

ಫೋಟೊಗ್ರಫಿ ಕಲಿಯುವವರಿಗೆ ಬೀದಿಯಲ್ಲಿ ಮಲಗಿದವರು ತುಂಬಾ ಸುಲಭವಾಗಿ ಸಿಗುತ್ತಾರೆ. ಅಲ್ಲಾಡುವುದಿಲ್ಲ, ಬೇಡ ಅನ್ನುವುದಿಲ್ಲ, ಕಪ್ಪುಬಿಳುಪಿಗೆ ತಿರುಗಿಸಿದರೆ ಗಂಭೀರವಾಗಿ ಕಾಣುತ್ತಾರೆ. ಚೆನ್ನೈ, ಮುಂಬೈನವರು ಬೀಚಿಗೆ ಹೋಗಿ ಇದನ್ನು ಮಾಡುತ್ತಾರೆ. ನಮಗೆ ಬೀಚಿಲ್ಲ. ಮಾರ್ಕೆಟ್, ಮೆಜೆಸ್ಟಿಕ್, ಕಲಾಸಿಪಾಳ್ಯ, ಶಿವಾಜಿನಗರ ಇವೆ. ಈ ಜಾಗಗಳಿಗೆ ರಾತ್ರಿ ಹೋಗಿ ಫೋಟೊ ತೆಗೆಯಬೇಕು ಅಂತಿರುವವರಿಗೆ ನಾನು ಮಾಡಿದ ತಪ್ಪು ಮಾಡದೆ ಹೇಗೆ ಮಾಡಬಹುದು ಅಂತ ಹೇಳುತ್ತೇನೆ. ನನ್ನ ನಿಯಮ ಒಂದೇ. ಮಲಗಿದವರ ಮುಖ ತೆಗೆಯಬೇಕಾದರೆ, ಅವರು ಎಚ್ಚರವಿದ್ದಾಗಲೇ ಕೇಳಿರಬೇಕು. ಉಳಿದ ಹೆಜ್ಜೆಗಳೆಲ್ಲ ಇದರಿಂದಲೇ ಬಂದವು.

1. ಮೊದಲ ಮೂರು ರಾತ್ರಿ ಕ್ಯಾಮೆರಾ ಮನೆಯಲ್ಲೇ ಇರಲಿ

ಸುಮ್ನೆ ಹೋಗಿ. ರಾತ್ರಿ 10ರ ನಂತರ ಹೋದರೆ ಸಾಕು. ಅಂಗಡಿಯವರು ಶಟರ್ ಎಳೆಯುವುದಕ್ಕೇ ಕೆಲವರು ಕಾಯುತ್ತಾ ಕೂತಿರುತ್ತಾರೆ. ಶಟರ್ ಬಿದ್ದ ಮೇಲೆ ಕಟ್ಟೆ ಗುಡಿಸಿ, ರಟ್ಟು ಹಾಸಿ, ಅದರ ಮೇಲೆ ಗೋಣಿಚೀಲವೋ ಹಳೇ ಫ್ಲೆಕ್ಸೋ ಹಾಸುತ್ತಾರೆ. ಫ್ಲೆಕ್ಸ್ ಅಂದರೆ ಹುಟ್ಟುಹಬ್ಬದ ಶುಭಾಶಯದ್ದೇ ಜಾಸ್ತಿ. ನಗುತ್ತಾ ಕೈಮುಗಿದ ಯಾವುದೋ ಮುಖಂಡರ ಹೊಟ್ಟೆಯ ಮೇಲೆ ಒಬ್ಬರು ಮಗ್ಗುಲಾಗಿ ನಿದ್ದೆ ಮಾಡುತ್ತಿರುತ್ತಾರೆ. ಯಾಕೆ ಫ್ಲೆಕ್ಸ್ ಅಂತ ಒಬ್ಬರನ್ನು ಕೇಳಿದ್ದೆ. "ನೆಲದ ತೇವ ಮೇಲೆ ಬರಲ್ಲ" ಅಂದರು. ನಾನು ಅದನ್ನು ವ್ಯಂಗ್ಯ ಅಂದುಕೊಂಡಿದ್ದೆ. ಅವರಿಗೆ ಅದು ಒಳ್ಳೇ ಹಾಸಿಗೆ.

ಯಾರು ಎಲ್ಲಿ ಮಲಗುತ್ತಾರೆ ಅನ್ನುವುದಕ್ಕೆ ಲೆಕ್ಕ ಇದೆ. ಮಾರ್ಕೆಟ್ಟಿಗೆ ಹೂವು, ತರಕಾರಿಯ ಗಾಡಿಗಳು ಬೆಳಗಿನ ಜಾವವೇ ಬರುತ್ತವೆ. ಮೂಟೆ ಹೊರುವ ಹಮಾಲಿ ಅಷ್ಟು ಹೊತ್ತಿಗೆ ಅಲ್ಲೇ ಇರಬೇಕು. ದೂರದ ರೂಮಿನಿಂದ ಆ ಹೊತ್ತಿಗೆ ಬರಲು ಬಸ್ಸೂ ಇಲ್ಲ, ಮೆಟ್ರೋನೂ ಇಲ್ಲ. ಹಾಗಾಗಿ ಕೆಲಸದ ಪಕ್ಕವೇ ನಿದ್ದೆ. ಹೆಂಗಸರು ದೀಪ ಇರುವ ಕಡೆ, ಜನ ಓಡಾಡುವ ಕಡೆ, ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಾರೆ. ಮಳೆ ಬಂದರೆ ಎಲ್ಲರೂ ಫ್ಲೈಓವರ್ ಕೆಳಗೆ. ಡಿಸೆಂಬರ್ ಚಳಿಗೆ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುತ್ತಾರೆ. ಜತೆಗೆ ದುಡ್ಡು ಕೊಟ್ಟು ಹೋಗುವ ಶೌಚಾಲಯ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಅಲ್ಲಿನವರ ರಾತ್ರಿಯನ್ನು ಅದೇ ನಡೆಸುತ್ತದೆ.

ಆಶ್ರಯ ತಾಣಗಳಿಲ್ಲವಾ ಅಂತ ನೀವು ಕೇಳಬಹುದು. ದೊಡ್ಡ ನಗರಗಳಲ್ಲಿ 1 ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆಯೂ ತೆರೆದಿರುವ ಆಶ್ರಯ ತಾಣ ಇರಬೇಕು ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲೂ ಇವೆ. ಆದರೆ ಅದು ಕೆಲಸದ ಜಾಗದಿಂದ ದೂರ ಇದ್ದರೆ, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಮಲಗಬೇಕು ಅಂದರೆ, ತಳ್ಳುಗಾಡಿ ಎಲ್ಲಿ ಬಿಡೋದು ಅನ್ನುವ ಚಿಂತೆ ಇದ್ದರೆ, ಜನ ಕಟ್ಟೆಯನ್ನೇ ಆರಿಸಿಕೊಳ್ಳುತ್ತಾರೆ. ಇದು ಗೊತ್ತಿಲ್ಲದೆ ತೆಗೆದ ಫೋಟೊದಲ್ಲಿ "ಪಾಪ" ಅನ್ನೋದು ಬಿಟ್ಟು ಬೇರೇನೂ ಕಾಣುವುದಿಲ್ಲ.

2. ಯಾಕೆ ತೆಗೆಯುತ್ತಿದ್ದೀರಿ? ಒಂದೇ ವಾಕ್ಯ

ಕಾಗದದ ಮೇಲೆ ಬರೆಯಿರಿ. ಅದನ್ನು ಆ ಮನುಷ್ಯರ ಎದುರು ಜೋರಾಗಿ ಓದಲು ನಾಚಿಕೆ ಆದರೆ ಹೋಗಬೇಡಿ. "ಮಾರ್ಕೆಟ್ ರಾತ್ರಿ ಹೇಗಿರುತ್ತೆ ಅಂತ ತೋರಿಸೋಕೆ" ಅಂದರೆ ಸರಿ. "ಸ್ಪರ್ಧೆಗೆ ಕಳಿಸೋಕೆ" ಅಂದರೂ ಪರವಾಗಿಲ್ಲ, ನಿಜ ಹೇಳಿದರೆ ಸಾಕು. "ಜಾಗೃತಿ ಮೂಡಿಸೋಕೆ" ಅಂತ ಬರೆದಿದ್ದರೆ ಇನ್ನೊಂದು ಸಲ ಯೋಚಿಸಿ. ಯಾರಿಗೆ, ಯಾವುದರ ಬಗ್ಗೆ?

3. ಮಾತು: ಜಾಸ್ತಿ ಸಮಯ ಇದಕ್ಕೇ ಇಡಿ

ಕ್ಯಾಮೆರಾ ಬ್ಯಾಗಿನಲ್ಲಿರಲಿ, ಆದರೆ ಬ್ಯಾಗ್ ಕಾಣುವಂತಿರಲಿ. ಆಮೇಲೆ ತೆಗೆದರೆ ಮೋಸ ಅನಿಸಬಾರದು. ನಿಂತುಕೊಂಡು ಮಾತಾಡಬೇಡಿ. ಕಟ್ಟೆಯ ತುದಿಯಲ್ಲಿ ಕೂತುಕೊಳ್ಳಿ, ಹಾಸಿದ ರಟ್ಟಿನ ಮೇಲೆ ಮಾತ್ರ ಕರೆಯದೆ ಕೂರಬೇಡಿ. ಅದು ಅವರ ಮನೆ. ಚಪ್ಪಲಿ ಕಾಲು ತಾಗಿದರೂ ಬೇಜಾರಾಗುತ್ತದೆ.

ಕರೆಯುವ ಬಗೆ ಮುಖ್ಯ. ವಯಸ್ಸಾದವರಿಗೆ "ಯಜಮಾನ್ರೇ" ಅನ್ನಿ, ಹೆಂಗಸರಿಗೆ "ಅಮ್ಮ", "ಅಕ್ಕ". ಹುಡುಗರಿಗೆ "ಅಣ್ಣ" ಅಂದರೂ ನಡೆಯುತ್ತದೆ, "ಲೋ" ಅನ್ನಬೇಡಿ, "ಸರ್" ಅಂದು ಗಾಬರಿನೂ ಮಾಡಬೇಡಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ತುಂಬಾ ಜನ ಇರುತ್ತಾರೆ. ಅವರ ಮಾತು ಅಣಕಿಸಲು ಹೋಗಬೇಡಿ, ನಿಮ್ಮದರಲ್ಲೇ ಮಾತಾಡಿ. ಮಾರ್ಕೆಟ್ಟಿನಲ್ಲಿ ತಮಿಳು, ತೆಲುಗು, ಉರ್ದು ಕೂಡ ಬೇಕಾಗುತ್ತದೆ. ಬಾರದಿದ್ದರೆ ಟೀ ಮಾರುವವರನ್ನು ಕೇಳಿ, ಅವರಿಗೆ ಎಲ್ಲವೂ ಬರುತ್ತದೆ.

ಶುರು ಮಾಡುವುದು ಹೇಗೆ? "ಊಟ ಆಯ್ತಾ?" ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಒಂದು ರಾತ್ರಿ ಹೀಗಾಯಿತು.

"ಊಟ ಆಯ್ತಾ ಯಜಮಾನ್ರೇ?"

"ಆತು. ನೀವು ಪೇಪರ್‌ನೋರಾ?"

"ಅಲ್ಲ. ಫೋಟೊ ತೆಗೀತೀನಿ. ನನಗೋಸ್ಕರ. ಒಂದಷ್ಟು ಫೋಟೊ ಕಂಪ್ಯೂಟರಲ್ಲಿ ಹಾಕ್ತೀನಿ, ಯಾರು ಬೇಕಾದ್ರೂ ನೋಡಬಹುದು."

"ನಮ್ಮೂರಾಗೂ ನೋಡಬಹುದೇನು?"

"ನೋಡಬಹುದು."

"ಹಂಗಾದ್ರ ಬ್ಯಾಡ್ರಿ. ಊರಾಗ ನಾ ರೂಮ್ ಮಾಡೀನಿ ಅಂತ ಹೇಳೀನಿ."

ಆ ರಾತ್ರಿ ಫೋಟೊ ತೆಗೆಯಲಿಲ್ಲ, ಬೈಟು ಟೀ ಕುಡಿದು ಬಂದೆ. ಈ ಮಾತು ಕೇಳಿದ ಮೇಲೆ ನನ್ನ ಹಳೇ ಆಲ್ಬಮ್ಮಿನಲ್ಲಿದ್ದ ಎಷ್ಟು ಜನ ಊರಲ್ಲಿ ಏನೇನು ಹೇಳಿಕೊಂಡಿದ್ದರೋ ಅಂತ ಯೋಚನೆಯಾಯಿತು. ಮನೆಗೆ ಬಂದು ಹನ್ನೊಂದು ಫೋಟೊ ತೆಗೆದುಹಾಕಿದೆ. ಮೊದಲನೆಯದು ಬಾಯಿ ತೆರೆದ ಅಜ್ಜನದು.

ಒಪ್ಪಿಗೆ ಕೇಳುವಾಗ ಮೂರು ವಿಷಯ ಹೇಳಲೇಬೇಕು. ಫೋಟೊ ಎಲ್ಲಿ ಹಾಕುತ್ತೀರಿ, ಯಾರು ನೋಡಬಹುದು, ಬೇಡ ಅನಿಸಿದರೆ ನಿಮ್ಮನ್ನು ಹೇಗೆ ಹುಡುಕಬೇಕು. ನನ್ನ ಫೋನ್ ನಂಬರನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟು, ಟೀ ಅಂಗಡಿಯವರ ಹತ್ತಿರವೂ ಒಂದು ಚೀಟಿ ಬಿಟ್ಟಿರುತ್ತೇನೆ.

ಇನ್ನು "ಹೂಂ" ಅನ್ನುವುದರಲ್ಲೂ ಬಗೆಗಳಿವೆ. "ಹೂಂ ತೆಗೀರಿ" ಅಂದು ತಲೆಗೂದಲು ಸರಿಮಾಡಿಕೊಂಡರೆ ಅದು ಒಪ್ಪಿಗೆ. "ಹೂಂ ಬಿಡಿ" ಅಂದು ಆಚೆ ನೋಡಿದರೆ ಅದು ಬೇಡ ಅಂತಲೇ. ನಕ್ಕು ಸುಮ್ಮನಾದರೂ ಬೇಡ ಅಂತಲೇ ತಿಳಿಯಿರಿ. ಒಬ್ಬರು ಒಪ್ಪಿದರೆ ಪಕ್ಕದಲ್ಲಿ ಮಲಗಿದವರೂ ಒಪ್ಪಿದ ಹಾಗಲ್ಲ. ಚೌಕಟ್ಟಿನಲ್ಲಿ ಅವರ ಮುಖ ಬರದ ಹಾಗೆ ನಿಂತುಕೊಳ್ಳಿ.

ಕೆಲವರನ್ನು ಕೇಳಲೂ ಬಾರದು. ಕುಡಿದು ಬಿದ್ದವರು, ಮನಸ್ಸಿನ ಸ್ಥಿಮಿತ ಇಲ್ಲದವರು, ಜ್ವರದಲ್ಲಿ ನರಳುವವರು. ಅವರು ಹೇಳುವ "ಹೂಂ"ಗೆ ಬೆಲೆ ಇಲ್ಲ. ಬಟ್ಟೆ ಸರಿದು ಮಲಗಿರುವ ಹೆಂಗಸರ ಕಡೆ ಕ್ಯಾಮೆರಾ ತಿರುಗಿಸುವ ಮಾತೇ ಇಲ್ಲ. ಮಕ್ಕಳ ವಿಷಯ ಮುಂದೆ ಬರುತ್ತದೆ.

4. ಕಾನೂನು ಸ್ವಲ್ಪ ಗೊತ್ತಿರಲಿ

"ರಸ್ತೆಯಲ್ಲಿ ಇರೋರ ಫೋಟೊ ತೆಗೆಯೋಕೆ ಯಾರಪ್ಪನ ಅನುಮತಿ ಬೇಕು?" ಅಂತ ವಾದ ಮಾಡುವ ಗೆಳೆಯರು ನನಗೂ ಇದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮನುಷ್ಯ ಸಾರ್ವಜನಿಕ ಜಾಗದಲ್ಲಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಅವನ ಖಾಸಗಿತನ ಹೋಗಿಬಿಡುವುದಿಲ್ಲ ಅನ್ನುವ ಮಾತೂ ಆ ತೀರ್ಪಿನಲ್ಲಿದೆ. ಮಲಗಲು ಬಾಗಿಲು ಇಲ್ಲದವರ ವಿಷಯಕ್ಕೆ ಇದಕ್ಕಿಂತ ಹತ್ತಿರದ ಮಾತು ಯಾವುದಿದೆ?

ಮಕ್ಕಳ ವಿಷಯದಲ್ಲಿ ವಾದಕ್ಕೇ ಜಾಗ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಿರುವ ಮಗುವಿನ ಗುರುತು ಹತ್ತುವಂಥ ಫೋಟೊ ಪ್ರಕಟಿಸುವಂತಿಲ್ಲ. ಮನೆ, ನೆಲೆ ಇಲ್ಲದೆ ಬೀದಿಯಲ್ಲಿರುವ ಮಕ್ಕಳೂ ಈ ಗುಂಪಿಗೆ ಬರುತ್ತಾರೆ. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾನಂತೂ ಕ್ಯಾಮೆರಾ ಎತ್ತುವುದೇ ಇಲ್ಲ.

ಇನ್ನೊಂದು ಕಾಯ್ದೆ ಫೋಟೊ ತೆಗೆಯುವವರಿಗೆ ಸಂಬಂಧ ಇಲ್ಲ ಅನಿಸಿದರೂ ಇದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ನಿಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ ಶೇ 3 ಭಿಕ್ಷುಕರ ಸೆಸ್ ಅಂತ ಇರುತ್ತದಲ್ಲ, ಅದರ ಮೂಲ ಇದೇ. ಈ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಇಡಬಹುದು. ನಮ್ಮೂರಿನದು ಮಾಗಡಿ ರಸ್ತೆಯಲ್ಲಿದೆ. 2010ರಲ್ಲಿ ಅಲ್ಲಿ ಸಾಲಾಗಿ ಸಾವುಗಳಾಗಿ ಸುದ್ದಿಯಾಗಿತ್ತು, ಹಳಬರಿಗೆ ನೆನಪಿರಬಹುದು. ಕೂಲಿ ಮಾಡಿ ಮಲಗಿದ ಹಮಾಲಿಯ ಫೋಟೊ ಕೆಳಗೆ ನೀವು "ಭಿಕ್ಷುಕ" ಅಂತ ಬರೆದು, ಯಾವ ಅಂಗಡಿ ಮುಂದೆ ಅಂತಲೂ ಹಾಕಿದರೆ, ಅವರ ಮಲಗುವ ಜಾಗಕ್ಕೆ ಕುತ್ತು ತಂದ ಹಾಗೆ.

ಪೊಲೀಸರು ಕೇಳಿದರೆ ಗುರುತಿನ ಚೀಟಿ ತೋರಿಸಿ, ಏನು ಮಾಡುತ್ತಿದ್ದೀರಿ ಅಂತ ಹೇಳಿ. ಮೆಟ್ರೋ ನಿಲ್ದಾಣದ ಒಳಗೆ, ರೈಲು ನಿಲ್ದಾಣದ ಒಳಗೆ ಅನುಮತಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

5. ಕ್ಯಾಮೆರಾ

ದೊಡ್ಡ ಜೂಮ್ ಲೆನ್ಸ್ ತರಬೇಡಿ. 200 ಎಂಎಂ ಲೆನ್ಸಿನಲ್ಲಿ ರಸ್ತೆಯ ಆಚೆಯಿಂದ ತೆಗೆದದ್ದು ನೋಡಿದರೇ ಗೊತ್ತಾಗುತ್ತದೆ, ಕದ್ದು ತೆಗೆದದ್ದು ಅಂತ. 35 ಎಂಎಂ ಅಥವಾ 50 ಎಂಎಂ, ಎಫ್ 1.8 (ಬೆಳಕನ್ನು ಜಾಸ್ತಿ ಒಳಬಿಡುವ ಲೆನ್ಸ್) ಇದ್ದರೆ ರಾತ್ರಿಗೆ ಸಾಕು. 35ರಲ್ಲಿ ಮುಖ ತೆಗೆಯಬೇಕಾದರೆ ನೀವು ಮಾತಾಡುವಷ್ಟು ಹತ್ತಿರ ಇರಲೇಬೇಕು. ಅದಕ್ಕೇ ನನಗೆ ಅದು ಇಷ್ಟ.

ಫ್ಲ್ಯಾಶ್ ಬೇಡ. ಫೋಕಸ್ ಮಾಡುವಾಗ ಕ್ಯಾಮೆರಾ ಮುಂದೆ ಹೊತ್ತಿಕೊಳ್ಳುವ ಚಿಕ್ಕ ಕಿತ್ತಳೆ ದೀಪವನ್ನೂ ಮೆನುವಿಗೆ ಹೋಗಿ ಆಫ್ ಮಾಡಿ. ಒಬ್ಬರನ್ನು ತೆಗೆಯುವಾಗ ಪಕ್ಕದ ನಾಲ್ವರ ನಿದ್ದೆ ಕೆಡುತ್ತದೆ. ಅವರಿಗಿರುವುದೇ ನಾಲ್ಕು ಗಂಟೆ ನಿದ್ದೆ.

ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ರಿಂದ ಶುರು ಮಾಡಿ. ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ. ಇದಕ್ಕೆ ಕಾರಣ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಫೋಟೊದಲ್ಲಿ ಅಡ್ಡಪಟ್ಟೆಗಳಾಗಿ ಬರುತ್ತದೆ. ಈ ಎರಡು ವೇಗಗಳಲ್ಲಿ ಆ ಕಾಟ ಕಡಿಮೆ. ಸೈಲೆಂಟ್ ಶಟರ್ ಹಾಕಿದರೆ ಪಟ್ಟೆ ಜಾಸ್ತಿ. ನನ್ನ ಕೇಳಿದರೆ ಸದ್ದು ಬರುವ ಶಟರೇ ಇರಲಿ. ತೆಗೆದದ್ದು ಅವರಿಗೂ ಕೇಳಿಸಬೇಕು.

ಬಣ್ಣದ ತಲೆನೋವು ಇದ್ದೇ ಇದೆ. ಒಂದು ಕಡೆ ಬಿಳಿ ಎಲ್‌ಇಡಿ, ಇನ್ನೊಂದು ಕಡೆ ಉಳಿದಿರುವ ಹಳದಿ ಸೋಡಿಯಂ ದೀಪ, ನಡುವೆ ಹೂವಿನ ಅಂಗಡಿಯ ಬಲ್ಬು. ರಾ ಫೈಲ್‌ನಲ್ಲಿ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ಕಚ್ಚಾ ಫೈಲು) ತೆಗೆಯಿರಿ, ಮನೆಗೆ ಬಂದು ಚರ್ಮದ ಬಣ್ಣ ನೋಡಿ ಸರಿಮಾಡಿ. ಮುಖದ ಗೆರೆಗಳು ಎದ್ದು ಕಾಣಲಿ ಅಂತ ಕಾಂಟ್ರಾಸ್ಟ್, ಕ್ಲ್ಯಾರಿಟಿ ಎಳೆಯುವ ಚಟ ಕೆಲವರಿಗಿದೆ. ಮನುಷ್ಯರು ಒಣಗಿದ ಕೆರೆಯ ತಳದ ಹಾಗೆ ಕಾಣುತ್ತಾರೆ. ಬಿಟ್ಟುಬಿಡಿ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಫೋಟೊಗಳನ್ನು ಒಂದು ಸಂಜೆ ಕೂತು ನೋಡಿ. ಎಷ್ಟೋ ಫೋಟೊಗಳಲ್ಲಿ ಸಾಮಾನ್ಯ ಜನ, ಬಡವರು. ಯಾರೂ ಕುಗ್ಗಿ ಕಾಣುವುದಿಲ್ಲ.

ಫೋನಿನಲ್ಲಿ ತೆಗೆಯುವವರು ನೈಟ್ ಮೋಡ್ ನಂಬಿಕೊಂಡು ಕೂರಬೇಡಿ. ಅದಕ್ಕೆ ಎರಡು ಮೂರು ಸೆಕೆಂಡು ಬೇಕು, ಅಷ್ಟರಲ್ಲಿ ಎದುರಿನವರು ಅಲ್ಲಾಡಿದರೆ ಮುಖ ಕಲಸಿಹೋಗುತ್ತದೆ. ಬೆಳಕಿನ ಹತ್ತಿರ ಬರುತ್ತೀರಾ ಅಂತ ಕೇಳಿದರೆ ಮುಗಿಯಿತು.

6. ಏನು ತೆಗೆಯಬೇಕು?

ಮುಖವೇ ಬೇಕು ಅಂತಿಲ್ಲ. ರಟ್ಟು ಮಡಚುವ ಕೈ. ಚಾರ್ಜಿಗೆ ಹಾಕಿದ ಫೋನಿನ ಕಾವಲಿಗೆ ಟೀ ಅಂಗಡಿ ಪಕ್ಕ ಕೂತವರ ಬೆನ್ನು. ಸಾಲಾಗಿ ಬಿಟ್ಟ ಚಪ್ಪಲಿ, ಅದರಲ್ಲಿ ಒಂದಕ್ಕೆ ಉಂಗುಷ್ಠದ ಜಾಗದಲ್ಲಿ ಪಿನ್ನು. ಶಟರಿನ ಬೀಗಕ್ಕೆ ನೇತುಹಾಕಿದ ನೀರಿನ ಬಾಟಲಿ. ಮುಖ ಮುಚ್ಚುವಂತೆ ಎಳೆದುಕೊಂಡ ಹೊದಿಕೆ. ಮುಖ ಮುಚ್ಚಿದವರು ಬೇಡ ಅಂತ ಹೇಳಿಯೇ ಮಲಗಿದ್ದಾರೆ ಅಂತ ನಾನು ಲೆಕ್ಕ ಹಾಕುತ್ತೇನೆ. ದೂರದಿಂದ ಇಡೀ ಬೀದಿಯ ಜತೆ ಬಂದರೆ ಸರಿ, ಹತ್ತಿರ ಹೋಗುವುದಿಲ್ಲ.

ಒಳ್ಳೇ ಹೊತ್ತು ಏಳುವ ಹೊತ್ತು. ಮೊದಲ ಗಾಡಿಯ ಹಾರ್ನ್ ಕೇಳಿದ ಕೂಡಲೇ ಕಟ್ಟೆಗೆ ಜೀವ ಬರುತ್ತದೆ. ಮುಖ ತೊಳೆಯುತ್ತಾರೆ, ಹಾಸಿಗೆ ಸುತ್ತಿ ಯಾವುದೋ ಸಂದಿಗೆ ತುರುಕುತ್ತಾರೆ, ತಲೆಗೆ ಟವೆಲ್ ಸಿಂಬಿ ಮಾಡುತ್ತಾರೆ. ಐದೇ ನಿಮಿಷದಲ್ಲಿ ಅಲ್ಲಿ ಯಾರೋ ಮಲಗಿದ್ದರು ಅನ್ನುವ ಗುರುತೂ ಇರುವುದಿಲ್ಲ. ಆ ಐದು ನಿಮಿಷಕ್ಕೆ ಹಿಂದಿನ ರಾತ್ರಿಯೇ ಹೇಳಿಟ್ಟಿರಬೇಕು, "ನಾಳೆ ಏಳೋವಾಗ ಬರ್ತೀನಿ" ಅಂತ.

ಆ ಅಜ್ಜನ ಫೋಟೊ ಆಮೇಲೆ ತೆಗೆದೆ. ನಾನೇ ಹೋಗಿ ಕೇಳಿದೆ. ಮಣಿಕಟ್ಟಿನ ದಾರ ಬಿಚ್ಚಿ, ಚೀಲದೊಳಗಿಂದ ಪ್ಲಾಸ್ಟಿಕ್ ಕವರ್, ಕವರಿನೊಳಗಿಂದ ಶರ್ಟು ತೆಗೆದರು. ತಿಳಿನೀಲಿ, ಮಡಿಕೆ ಮುರಿಯದೆ ಇಟ್ಟಿದ್ದರು. ಗುಂಡಿ ಹಾಕಲು ಹೊತ್ತಾಯಿತು. ಕತ್ತಿನವರೆಗೂ ಹಾಕಿಕೊಂಡು, ನೆಟ್ಟಗೆ ಕೂತು, ಪಾಸ್‌ಪೋರ್ಟ್ ಫೋಟೊಗೆ ಕೂರುವ ಹಾಗೆ ಕ್ಯಾಮೆರಾ ನೋಡಿದರು. ಫೋಟೊಗ್ರಫಿ ಕ್ಲಬ್ಬಿನಲ್ಲಿ ತೋರಿಸಿದರೆ "ಪೋಸ್ ಕೊಟ್ಟಿದ್ದಾರೆ, ಸಹಜ ಇಲ್ಲ" ಅಂದರು. ಪೋಸ್ ಕೊಡಲಿ ಬಿಡಿ. ನಾವೆಲ್ಲ ನಮ್ಮ ಫೋಟೊಗೆ ಕೊಡುವುದಿಲ್ಲವಾ?

7. ದುಡ್ಡು, ಟೀ

ಫೋಟೊಗೆ ಮೊದಲು ದುಡ್ಡು ತೋರಿಸಬೇಡಿ, ಒಪ್ಪಿಗೆಯನ್ನು ಕೊಂಡ ಹಾಗಾಗುತ್ತದೆ. ಟೀ ಕುಡಿಯುವುದಾದರೆ ಜತೆಗೆ ಕುಡಿಯಿರಿ. ಅವರು ಟೀ ಕೊಡಿಸಿದರೆ ಬೇಡ ಅನ್ನಬೇಡಿ. ಫೋಟೊ ಮುಂದೆ ಮಾರಾಟವಾದರೆ ಅವರಿಗೆ ಪಾಲು ಎಷ್ಟು ಅಂತ ಮೊದಲೇ ಮಾತಾಗಿರಲಿ.

ಯಾರಾದರೂ ನಿಜಕ್ಕೂ ಕಷ್ಟದಲ್ಲಿದ್ದರೆ ಕ್ಯಾಮೆರಾ ಒಳಗಿಡಿ. ಆಂಬುಲೆನ್ಸಿಗೆ 108, ಒಂಟಿ ಮಗು ಕಂಡರೆ 1098, ಜಗಳ, ಹೊಡೆದಾಟಕ್ಕೆ 112. ಮಾರ್ಕೆಟ್ಟಿನ ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ ಇದೆ.

8. ಮನೆಗೆ ಬಂದ ಮೇಲೆ

ಫೈಲಿನಲ್ಲಿ ಜಾಗದ ಮಾಹಿತಿ ಅಡಗಿ ಕೂತಿರುತ್ತದೆ, ಫೋನಿನ ಫೋಟೊದಲ್ಲಂತೂ ಜಾಸ್ತಿ. ಎಲ್ಲೇ ಹಾಕುವ ಮೊದಲು ಅದನ್ನು ತೆಗೆಯಿರಿ. ಅಂಗಡಿಯ ಬೋರ್ಡ್ ಕಾಣುತ್ತಿದ್ದರೆ ಕತ್ತರಿಸಿ. ಮುಖ ಮಬ್ಬು ಮಾಡಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಶರ್ಟು, ಚೀಲ, ಕೂತ ಭಂಗಿ ನೋಡಿಯೇ ಪರಿಚಯದವರು ಗುರುತು ಹಿಡಿಯುತ್ತಾರೆ. ಮಬ್ಬು ಮಾಡಬೇಕಾದ ಫೋಟೊ ಅಂದರೆ ಹಾಕಬಾರದ ಫೋಟೊ.

ಶೀರ್ಷಿಕೆ ಬರೆಯುವಾಗ "ನಿರ್ಗತಿಕ", "ಅನಾಥ" ಅಂತೆಲ್ಲ ಬರೆಯಬೇಡಿ. ಊರಲ್ಲಿ ಮನೆ, ಹೆಂಡತಿ, ಮಕ್ಕಳು, ಎರಡು ಎಕರೆ ಒಣಭೂಮಿ ಇರುವವರನ್ನು ಅನಾಥ ಅಂದರೆ ಅವರು ನಗುತ್ತಾರೆ. "ಮೂಟೆ ಇಳಿಸಲು ಲಾರಿ ಕಾಯುತ್ತಿರುವ ಹಮಾಲಿ" ಅಂದರೆ ಸಾಕು. ಏನು ಬರೆಯಲಿ ಅಂತ ಅವರನ್ನೇ ಕೇಳಿದರೆ ಇನ್ನೂ ಒಳ್ಳೇದು.

ಕೊನೆಯದು ಪ್ರಿಂಟ್. ಇದನ್ನು ಮರೆಯುವವರೇ ಜಾಸ್ತಿ. ಅಮೆರಿಕದಲ್ಲಿ 1936ರಲ್ಲಿ ಡೊರೊತಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಬಟಾಣಿ ಕೊಯ್ಯುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಫೋಟೊ ತೆಗೆದರು. ಅದು ಜಗತ್ತಿಗೆಲ್ಲ ಗೊತ್ತಾಯಿತು. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ತಿಳಿದದ್ದು 1978ರಲ್ಲಿ. ಆಗ ಆಕೆ ಹೇಳಿದ್ದು, ನನ್ನ ಹೆಸರು ಕೇಳಲಿಲ್ಲ, ಒಂದು ಪ್ರತಿ ಕಳಿಸುತ್ತೇನೆ ಅಂದರು, ಕಳಿಸಲಿಲ್ಲ ಅಂತ. ನಾಲ್ಕು ದಶಕ ಆದ ಮೇಲೂ ಆಕೆ ಆ ಪ್ರತಿಯನ್ನು ಮರೆತಿರಲಿಲ್ಲ.

ಹಾಗಾಗಿ ವಾರದೊಳಗೆ ಪ್ರಿಂಟ್ ಹಾಕಿಸಿ. ಮಳೆ, ಬೆವರಿಗೆ ಹಾಳಾಗದ ಹಾಗೆ ಲ್ಯಾಮಿನೇಟ್ ಮಾಡಿಸಿ, ಜೇಬಿಗೆ ಹಿಡಿಯುವ ಅಳತೆ ಇರಲಿ. ಊರಿಗೆ ಕಳಿಸಲು ಇನ್ನೊಂದು ಕೇಳಬಹುದು, ಎರಡು ಪ್ರತಿ ಇಟ್ಟುಕೊಳ್ಳಿ. ಅಜ್ಜ ಎರಡೂ ಇಸ್ಕೊಂಡರು. ಎಲ್ಲರೂ ಸಿಗುವುದಿಲ್ಲ. ಕಟ್ಟೆ ಬದಲಾಗಿರುತ್ತದೆ, ಬಿತ್ತನೆಗೆ ಊರಿಗೆ ಹೋಗಿರುತ್ತಾರೆ. ಹೆಸರು, ಊರು, ಯಾವ ಟೀ ಅಂಗಡಿ ಅಂತ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ನನ್ನ ಬ್ಯಾಗಿನಲ್ಲಿ ಸದ್ಯಕ್ಕೆ ಮೂರು ಉಳಿದಿವೆ. ಒಂದರ ಹಿಂದೆ "ದಸರಾ ಆದ್ಮೇಲೆ ಬರ್ತಾರಂತೆ" ಅಂತ ಇದೆ.